ಸರ್ಕಾರದ ಹಣ ಮೊದಲು ಯಾರ ಕೈ ಸೇರಬೇಕು?

ಆರ್ಥಿಕತೆ ಕುಸಿದಾಗಲೆಲ್ಲ ಸರ್ಕಾರಗಳು ಪ್ಯಾಕೇಜ್ ಘೋಷಿಸುತ್ತವೆ. ಮರುದಿನ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಬರುವುದು ಒಟ್ಟು ಮೊತ್ತ. 2008ರ ನವೆಂಬರ್‌ನಲ್ಲಿ ಚೀನಾ 4 ಲಕ್ಷ ಕೋಟಿ ಯುವಾನ್ ಎಂದಿತು. 2009ರ ಫೆಬ್ರುವರಿಯಲ್ಲಿ ಅಮೆರಿಕ 78,700 ಕೋಟಿ ಡಾಲರ್ ಎಂದಿತು, 2020ರ ಮಾರ್ಚ್‌ನಲ್ಲಿ ಸುಮಾರು 2.2 ಲಕ್ಷ ಕೋಟಿ ಡಾಲರ್ ಎಂದಿತು. ಮೊತ್ತ ಸಾಲದೋ ಹೆಚ್ಚಾಯಿತೋ ಎಂದು ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಆ ಹಣ ಯಾವ ದಾರಿ ಹಿಡಿದು, ಯಾರ ಕೈ ಸೇರಿ, ಎಷ್ಟು ಬೇಗ ಖರ್ಚಾಗುತ್ತದೆ ಎಂಬ ಪ್ರಶ್ನೆ ಮಾತ್ರ ಒಳಪುಟಕ್ಕೆ ಸರಿಯುತ್ತದೆ. ಒಂದೇ ಮೊತ್ತ ಒಂದು ದಾರಿಯಲ್ಲಿ ಹೋದರೆ ಸಾವಿರಾರು ಮನೆಗಳ ಸಂಬಳ ಉಳಿಯುತ್ತದೆ. ಇನ್ನೊಂದು ದಾರಿಯಲ್ಲಿ ಹೋದರೆ ಈಗಾಗಲೇ ತುಂಬಿರುವ ಬ್ಯಾಂಕ್ ಖಾತೆಯಲ್ಲಿ ಇನ್ನೊಂದಿಷ್ಟು ಸೇರಿ ಅಲ್ಲೇ ನಿಂತುಬಿಡುತ್ತದೆ.

ಕಳೆದ 90 ವರ್ಷಗಳ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಹಿಂಜರಿತದ ಮೊದಲ ತಿಂಗಳುಗಳಲ್ಲಿ ಹೊಸದನ್ನು ಕಟ್ಟುವ ಖರ್ಚಿಗಿಂತ, ಇರುವುದು ಕೈತಪ್ಪದಂತೆ ತಡೆಯುವ ಖರ್ಚು ಹೆಚ್ಚು ಕೆಲಸ ಮಾಡುತ್ತದೆ. ಆದರೆ ಅದು ಕಣ್ಣಿಗೆ ಬೀಳುವುದಿಲ್ಲ. ಸೇತುವೆಗೆ ಉದ್ಘಾಟನೆ ಇದೆ, ಶಿಲಾಫಲಕ ಇದೆ. ಹೋಗದೆ ಉಳಿದ ಕೆಲಸಕ್ಕೆ ಎರಡೂ ಇಲ್ಲ. ರಾಜಕೀಯ ಒಲವು ಮೊದಲಿನಿಂದಲೂ ತಪ್ಪು ಕಡೆ ವಾಲುತ್ತಾ ಬಂದಿರುವುದಕ್ಕೆ ಇದೂ ಒಂದು ಕಾರಣ.

ಗುಣಕ ಅಂದರೆ ಏನು

ಸರ್ಕಾರ 100 ಡಾಲರ್ ಖರ್ಚು ಮಾಡಿದಾಗ ದೇಶದ ಒಟ್ಟು ಉತ್ಪನ್ನ ಎಷ್ಟು ಹೆಚ್ಚುತ್ತದೆ ಎಂಬುದನ್ನು ಹೇಳುವ ಸಂಖ್ಯೆಯೇ ಗುಣಕ. ಉತ್ಪನ್ನ 150 ಡಾಲರ್‌ನಷ್ಟು ಹೆಚ್ಚಿದರೆ ಗುಣಕ 1.5, 40 ಡಾಲರ್ ಮಾತ್ರ ಹೆಚ್ಚಿದರೆ 0.4. ಹಣ ಪಡೆದವರು ಅದರಲ್ಲಿ 80 ಡಾಲರ್ ಖರ್ಚು ಮಾಡಿದರೆ ಅದು ಇನ್ನೊಬ್ಬರ ಆದಾಯವಾಗುತ್ತದೆ, ಅವರು ಅದರಲ್ಲಿ ಒಂದು ಪಾಲನ್ನು ಖರ್ಚು ಮಾಡುತ್ತಾರೆ, ಹೀಗೆ ಮುಂದುವರಿಯುತ್ತದೆ. ಪ್ರತಿ ಸುತ್ತಿನಲ್ಲೂ ಉಳಿತಾಯ, ತೆರಿಗೆ, ಆಮದು ಈ ಮೂರು ಕಡೆ ಹಣ ಸೋರುತ್ತದೆ. ಸೋರಿಕೆ ಕಡಿಮೆಯಾದಷ್ಟೂ ಗುಣಕ ದೊಡ್ಡದು.

ಇದಕ್ಕೊಂದು ಷರತ್ತಿದೆ. ಕೆಲಸಕ್ಕೆ ಸಿದ್ಧರಾದ ಜನ, ನಿಂತುಹೋದ ಯಂತ್ರ ಇದ್ದಾಗ ಮಾತ್ರ ಹೊಸ ಬೇಡಿಕೆಗೆ ಹೊಸ ಉತ್ಪಾದನೆ ಹುಟ್ಟುತ್ತದೆ. ಎಲ್ಲರಿಗೂ ಕೆಲಸವಿರುವಾಗ ಸರ್ಕಾರ ಖರ್ಚು ಹೆಚ್ಚಿಸಿದರೆ ಏರುವುದು ಬೆಲೆ; ಆಗ ಕೇಂದ್ರ ಬ್ಯಾಂಕ್ ಬಡ್ಡಿ ಏರಿಸಿ ಖಾಸಗಿ ಖರ್ಚನ್ನು ಇಳಿಸುತ್ತದೆ. ಅಮೆರಿಕದ ಅಂಕಿಅಂಶಗಳನ್ನು ಆಧರಿಸಿ ಆಯರ್‌ಬಾಖ್ ಮತ್ತು ಗೊರೊಡ್ನಿಚೆಂಕೊ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ಕಾಲದಲ್ಲಿ ಗುಣಕ 0ಯಿಂದ 0.5ರವರೆಗೆ, ಹಿಂಜರಿತದಲ್ಲಿ 1ರಿಂದ 1.5ರವರೆಗೆ ಕಂಡಿತು. ಇದನ್ನು ಎಲ್ಲರೂ ಒಪ್ಪುವುದಿಲ್ಲ. ವ್ಯಾಲರಿ ರೇಮಿ ಮತ್ತು ಸಾರಾ ಜುಬೈರಿ ಒಂದು ಶತಮಾನಕ್ಕೂ ಹೆಚ್ಚಿನ ಅಂಕಿಅಂಶಗಳನ್ನು ನೋಡಿ, ನಿರುದ್ಯೋಗ ಹೆಚ್ಚಿದ್ದಾಗಲೂ ಗುಣಕ ಸಾಮಾನ್ಯವಾಗಿ 1ಕ್ಕಿಂತ ಕೆಳಗೇ ಇರುತ್ತದೆ ಎಂದು 2018ರಲ್ಲಿ ವಾದಿಸಿದರು. ಅವರ ಅಧ್ಯಯನ ಮುಖ್ಯವಾಗಿ ನಿಂತಿರುವುದು ಯುದ್ಧಕಾಲದ ಸೇನಾ ಖರ್ಚಿನ ಮೇಲೆ. ನಿರುದ್ಯೋಗ ಭತ್ಯೆಗೋ ಶಾಲೆಗಳ ಅನುದಾನಕ್ಕೋ ಅದೇ ಸಂಖ್ಯೆ ಅನ್ವಯಿಸುತ್ತದೆ ಎಂದು ನಾನು ಒಪ್ಪಲಾರೆ.

ಖರ್ಚು ಕಡಿತವೂ ಇದೇ ಲೆಕ್ಕದಲ್ಲಿ ಹಿಮ್ಮುಖವಾಗಿ ನಡೆಯುತ್ತದೆ ಎಂಬುದನ್ನು ಯೂರೋಪ್ ಕಷ್ಟಪಟ್ಟು ಕಲಿಯಿತು. 2010ರ ನಂತರ ಅಲ್ಲಿ ಮಿತವ್ಯಯದ ಯೋಜನೆಗಳನ್ನು ಹೆಣೆಯುವಾಗ ಮುನ್ನಂದಾಜು ಮಾಡುವವರು ಗುಣಕ ಸುಮಾರು 0.5 ಎಂದು ಹಿಡಿದಿದ್ದರು. ಅದು 0.9ರಿಂದ 1.7ರವರೆಗೆ ಇತ್ತೆಂದು ಅಂತರರಾಷ್ಟ್ರೀಯ ಹಣಕಾಸು ನಿಧಿಯೇ 2012ರ ಅಕ್ಟೋಬರ್‌ನಲ್ಲಿ ಬರೆಯಿತು. ಒಂದು ದಶಮಾಂಶ ಸಂಖ್ಯೆಯನ್ನು ಕಡಿಮೆ ಅಂದಾಜು ಮಾಡಿದ್ದರ ಬೆಲೆಯನ್ನು ಕೆಲಸ ಕಳೆದುಕೊಂಡ ಲಕ್ಷಾಂತರ ಜನ ತೆತ್ತರು.

ಎರಡು ಪಟ್ಟಿಗಳು

ಖರ್ಚಿನ ಬಗೆಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಹೆಚ್ಚು ಬಳಕೆಯಾದ ಪಟ್ಟಿ ಅರ್ಥಶಾಸ್ತ್ರಜ್ಞ ಮಾರ್ಕ್ ಝಾಂಡಿ ಅವರದು. 2008ರಲ್ಲಿ ಅವರು ಅಮೆರಿಕಕ್ಕೆ ಮಾಡಿದ ಅಂದಾಜಿನಲ್ಲಿ ಬಡವರ ಆಹಾರ ನೆರವಿಗೆ ಕೊಟ್ಟ ಒಂದು ಡಾಲರ್ 1.73 ಡಾಲರ್ ಉತ್ಪನ್ನ ತರುತ್ತಿತ್ತು. ನಿರುದ್ಯೋಗ ಭತ್ಯೆಯ ವಿಸ್ತರಣೆಗೆ 1.64, ಮೂಲಸೌಕರ್ಯಕ್ಕೆ 1.59, ರಾಜ್ಯ ಸರ್ಕಾರಗಳಿಗೆ ಕೊಡುವ ನೆರವಿಗೆ 1.36. ಎಲ್ಲರಿಗೂ ಅನ್ವಯಿಸುವ ತೆರಿಗೆ ಕಡಿತಕ್ಕೆ 1.03 ಇದ್ದರೆ ಕಂಪನಿಗಳ ತೆರಿಗೆ ದರ ಇಳಿಸಿದ್ದಕ್ಕೆ ಕೇವಲ 0.30.

ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿ 2009ರ ಪ್ಯಾಕೇಜಿಗೆ ಮಾಡಿದ ಅಂದಾಜು ಹೆಚ್ಚು ಎಚ್ಚರಿಕೆಯದು. ಅದು ಒಂದೇ ಸಂಖ್ಯೆ ಕೊಡದೆ ಕೆಳಮಿತಿ, ಮೇಲ್ಮಿತಿ ಎರಡನ್ನೂ ಕೊಟ್ಟಿತು. ಕೇಂದ್ರ ಸರ್ಕಾರವೇ ಸರಕು, ಸೇವೆ ಕೊಂಡರೆ 0.5ರಿಂದ 2.5, ವ್ಯಕ್ತಿಗಳಿಗೆ ಕೊಡುವ ನೆರವಿಗೆ 0.4ರಿಂದ 2.1, ಹೆಚ್ಚು ಆದಾಯದವರಿಗೆ ಒಂದು ವರ್ಷದ ತೆರಿಗೆ ಕಡಿತಕ್ಕೆ 0.1ರಿಂದ 0.6, ಕಂಪನಿಗಳ ಕೈಯಲ್ಲಿ ನಗದು ಹೆಚ್ಚಿಸುವ ತೆರಿಗೆ ರಿಯಾಯಿತಿಗೆ 0ಯಿಂದ 0.4. ಅಂತರ ಇಷ್ಟು ಅಗಲವಾಗಿರುವಾಗ ಇದನ್ನು ನಂಬುವುದು ಹೇಗೆ ಎಂದು ಕೇಳುವುದು ನ್ಯಾಯವೇ. ಆದರೆ ಎರಡೂ ಪಟ್ಟಿಗಳಲ್ಲಿ ತಳದಲ್ಲಿರುವುದು ಕಂಪನಿಗಳಿಗೆ ಕೊಟ್ಟ ತೆರಿಗೆ ರಿಯಾಯಿತಿಯೇ. ಹಣದ ತುರ್ತು ಇಲ್ಲದವರಿಗೆ ಹಣ ಕೊಟ್ಟರೆ ಬೇಡಿಕೆ ಹುಟ್ಟುವುದಿಲ್ಲ. ಗಿರಾಕಿಯೇ ಇಲ್ಲದ ಕಂಪನಿ ತೆರಿಗೆ ಉಳಿಯಿತೆಂದು ಹೊಸ ಯಂತ್ರ ಕೊಳ್ಳುವುದಿಲ್ಲ.

ಯಾರೂ ನೋಡದ ಖರ್ಚು

ಈ ಪಟ್ಟಿಗಳಲ್ಲಿ ಚರ್ಚೆಗೇ ಬಾರದ ಸಾಲೆಂದರೆ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೆ ಕೊಡುವ ನೆರವು. ನನ್ನ ಮಟ್ಟಿಗೆ ಹೆಚ್ಚು ಗಮನ ಬೇಡುವ ಸಾಲೂ ಅದೇ.

ಅಮೆರಿಕದಲ್ಲಿ ಹೆಚ್ಚುಕಡಿಮೆ ಎಲ್ಲ ರಾಜ್ಯಗಳಿಗೂ ಬಜೆಟ್ ಸರಿದೂಗಿಸಲೇಬೇಕೆಂಬ ಕಾನೂನಿನ ಕಟ್ಟುಪಾಡಿದೆ. ಹಿಂಜರಿತ ಬಂತೆಂದರೆ ಮಾರಾಟ ತೆರಿಗೆ, ಆದಾಯ ತೆರಿಗೆ ಎರಡೂ ಕುಸಿಯುತ್ತವೆ. ಅದೇ ಹೊತ್ತಿಗೆ ಕೆಲಸ ಹೋದವರು ಸರ್ಕಾರಿ ಆರೋಗ್ಯ ವಿಮೆಯ ಬಾಗಿಲಿಗೆ ಬರುತ್ತಾರೆ. ಕೇಂದ್ರ ಸರ್ಕಾರ ಸಾಲ ಮಾಡಿ ತೂಗಿಸಬಹುದು, ರಾಜ್ಯಕ್ಕೆ ಆ ದಾರಿ ಇಲ್ಲ. ಹಾಗಾಗಿ ಮುಂದಿನ ಹಣಕಾಸು ವರ್ಷದ ಬಜೆಟ್ ಬರೆಯಲು ಕುಳಿತ ಅಧಿಕಾರಿಯ ಮುಂದೆ ಉಳಿಯುವುದು ಎರಡೇ ಆಯ್ಕೆ: ತೆರಿಗೆ ಏರಿಸುವುದು ಇಲ್ಲವೇ ಸಂಬಳದ ಪಟ್ಟಿ ಕತ್ತರಿಸುವುದು. ಆ ಪಟ್ಟಿಯಲ್ಲಿ ಇರುವವರು ಶಿಕ್ಷಕರು, ದಾದಿಯರು, ಅಗ್ನಿಶಾಮಕ ಸಿಬ್ಬಂದಿ. ಕೇಂದ್ರ ಒಂದು ಕೈಯಲ್ಲಿ ಸುರಿದದ್ದನ್ನು ರಾಜ್ಯಗಳು ಇನ್ನೊಂದು ಕೈಯಲ್ಲಿ ಹಿಂತೆಗೆಯುತ್ತವೆ. 2009ರ ಪ್ಯಾಕೇಜ್ ಶಿಕ್ಷಣವೇ ಮುಖ್ಯವಾದ ರಾಜ್ಯ ನೆರವು ನಿಧಿಗೆ 5,360 ಕೋಟಿ ಡಾಲರ್ ಕೊಟ್ಟು, ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ನಲ್ಲಿ ಕೇಂದ್ರದ ಪಾಲನ್ನೂ ಹೆಚ್ಚಿಸಿತು. ಆ ನೆರವು ಮುಗಿದ ಮೇಲೂ ರಾಜ್ಯಗಳ ಆದಾಯ ಚೇತರಿಸಿಕೊಂಡಿರಲಿಲ್ಲ. 2008ರಿಂದ 2013ರ ನಡುವೆ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಲ್ಲಿ 6 ಲಕ್ಷಕ್ಕೂ ಹೆಚ್ಚು ಹುದ್ದೆಗಳು ಮಾಯವಾದವು.

ಮೆಡಿಕೇಡ್ ಮೂಲಕ ಹೋದ ಹಣ ಏನು ಮಾಡಿತು ಎಂಬುದನ್ನು ಗೇಬ್ರಿಯಲ್ ಚೊಡೊರೊವ್-ರೈಕ್ ಮತ್ತು ಸಂಗಡಿಗರು ರಾಜ್ಯದಿಂದ ರಾಜ್ಯಕ್ಕೆ ಹೋಲಿಸಿ 2012ರಲ್ಲಿ ಪ್ರಕಟಿಸಿದರು. ಹೆಚ್ಚುವರಿ 1,00,000 ಡಾಲರ್‌ಗೆ 3.8 ಉದ್ಯೋಗ-ವರ್ಷಗಳು ಹುಟ್ಟಿದವು, ಅಂದರೆ ಒಬ್ಬರಿಗೆ ಒಂದು ವರ್ಷದ ಕೆಲಸಕ್ಕೆ ಸುಮಾರು 26,000 ಡಾಲರ್. ಅದಕ್ಕಿಂತ ಮುಖ್ಯವಾದ ಸಂಗತಿ: ಆ 3.8ರಲ್ಲಿ 3.2 ಹುಟ್ಟಿದ್ದು ಸರ್ಕಾರ, ಆರೋಗ್ಯ, ಶಿಕ್ಷಣ ಕ್ಷೇತ್ರಗಳ ಹೊರಗೆ. ರಾಜ್ಯದ ಖಜಾನೆಗೆ ಕೊಟ್ಟ ಹಣ ಸರ್ಕಾರಿ ನೌಕರರಿಗಷ್ಟೇ ಸೇರುತ್ತದೆ ಎಂಬ ಸಾಮಾನ್ಯ ಆಕ್ಷೇಪಕ್ಕೆ ಇಲ್ಲೇ ಉತ್ತರವಿದೆ. ಸಂಬಳ ನಿಲ್ಲದ ಮನೆಯ ಖರ್ಚೂ ನಿಲ್ಲುವುದಿಲ್ಲ. ಆ ಖರ್ಚನ್ನು ನಂಬಿದ ಅಂಗಡಿಯೂ ಮುಚ್ಚುವುದಿಲ್ಲ.

ಇದರ ಪಕ್ಕದಲ್ಲಿ 2020ರ ಸಂಬಳ ರಕ್ಷಣೆ ಸಾಲದ ಯೋಜನೆಯನ್ನು ಇಡಿ. ಸಣ್ಣ ಉದ್ಯಮಗಳಿಗೆ ಬ್ಯಾಂಕ್ ಮೂಲಕ ಸಾಲ, ಕೆಲಸದವರನ್ನು ಉಳಿಸಿಕೊಂಡರೆ ಸಾಲ ಮನ್ನಾ. ಉದ್ದೇಶ ಒಳ್ಳೆಯದೇ ಇತ್ತು. ಮೊದಲ 34,900 ಕೋಟಿ ಡಾಲರ್ ಎರಡು ವಾರದೊಳಗೆ ಖಾಲಿಯಾಯಿತು. ಬ್ಯಾಂಕಿನೊಡನೆ ಮೊದಲೇ ಒಳ್ಳೆಯ ಸಂಬಂಧ ಇದ್ದವರಿಗೆ ಹಣ ಬೇಗ ಸಿಕ್ಕಿತು. ಯೋಜನೆಯ ಒಟ್ಟು ಗಾತ್ರ ಸುಮಾರು 80,000 ಕೋಟಿ ಡಾಲರ್ ಮುಟ್ಟಿತು. ಡೇವಿಡ್ ಆಟರ್ ಮತ್ತು ಸಂಗಡಿಗರ 2022ರ ಲೆಕ್ಕದ ಪ್ರಕಾರ, ಯೋಜನೆ ಇಲ್ಲದಿದ್ದರೆ ಕೆಲಸ ಕಳೆದುಕೊಳ್ಳುತ್ತಿದ್ದವರ ಕೈ ಸೇರಿದ್ದು ಅದರಲ್ಲಿ ಶೇ 23ರಿಂದ 34 ಮಾತ್ರ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಉದ್ಯಮಗಳ ಮಾಲೀಕರಿಗೆ, ಷೇರುದಾರರಿಗೆ ಸೇರಿತು. ಹೋಗದಂತೆ ಉಳಿಸಿಕೊಂಡ ಒಂದು ಉದ್ಯೋಗ-ವರ್ಷಕ್ಕೆ ಬಿದ್ದ ವೆಚ್ಚ 1,69,000ದಿಂದ 2,58,000 ಡಾಲರ್. ಎರಡು ಅಧ್ಯಯನಗಳ ವಿಧಾನ ಬೇರೆ, ಕಾಲವೂ ಬೇರೆ. ಆದ್ದರಿಂದ 26,000ಕ್ಕೂ ಇದಕ್ಕೂ ನೇರ ಭಾಗಾಕಾರ ಸಲ್ಲದು. ಆದರೂ ಆರು ಪಟ್ಟಿಗಿಂತ ಹೆಚ್ಚಿನ ಈ ಅಂತರವನ್ನು ವಿಧಾನದ ವ್ಯತ್ಯಾಸವೊಂದೇ ವಿವರಿಸಲಾರದು. ಯಾವ ಕಂಪನಿಗೆ ನಿಜಕ್ಕೂ ನಷ್ಟವಾಗಿದೆ ಎಂದು ನೋಡದೆ ಎಲ್ಲರಿಗೂ ಹಂಚಿದ್ದರ ಫಲ ಇದು.

ಜರ್ಮನಿ ಅದೇ ಗುರಿಯನ್ನು ಬೇರೆ ದಾರಿಯಲ್ಲಿ ಮುಟ್ಟಿತು. ಅಲ್ಲಿನ ಕುರ್ತ್ಸ್‌ಆರ್ಬೈಟ್ ಪದ್ಧತಿಯಲ್ಲಿ ಕಂಪನಿ ಕೆಲಸಗಾರರನ್ನು ತೆಗೆಯದೆ ಅವರ ಕೆಲಸದ ಗಂಟೆ ಇಳಿಸುತ್ತದೆ. ಕಡಿಮೆಯಾದ ಸಂಬಳದಲ್ಲಿ ಶೇ 60ರಷ್ಟನ್ನು, ಮಕ್ಕಳಿದ್ದರೆ ಶೇ 67ರಷ್ಟನ್ನು ಸರ್ಕಾರಿ ಉದ್ಯೋಗ ಸಂಸ್ಥೆ ತುಂಬಿಕೊಡುತ್ತದೆ. ಗಂಟೆ ಇಳಿಸದ ಕಂಪನಿಗೆ ಏನೂ ಇಲ್ಲ. 2009ರಲ್ಲಿ ಜರ್ಮನಿಯ ಉತ್ಪನ್ನ ಶೇ 5ಕ್ಕೂ ಹೆಚ್ಚು ಕುಸಿದರೂ ನಿರುದ್ಯೋಗ ಬಹುತೇಕ ಇದ್ದಲ್ಲೇ ಇತ್ತು. 2020ರ ಏಪ್ರಿಲ್‌ನಲ್ಲಿ ಸುಮಾರು 60 ಲಕ್ಷ ಜನ ಈ ವ್ಯವಸ್ಥೆಯ ಆಸರೆಯಲ್ಲಿದ್ದರು. ಭವಿಷ್ಯವಿಲ್ಲದ ಕಂಪನಿಗಳಿಗೂ ಇದು ಉಸಿರು ಕೊಡುತ್ತದೆ ಎಂಬ ಟೀಕೆಯಲ್ಲಿ ಹುರುಳಿದೆ, ಹಿಂಜರಿತ ಎರಡು ಮೂರು ವರ್ಷ ಎಳೆದರೆ ಅದು ದೊಡ್ಡ ಸಮಸ್ಯೆಯೇ. ಆದರೆ ಈ ಯಂತ್ರ ಬಿಕ್ಕಟ್ಟಿಗೆ ಮೊದಲೇ ಸಿದ್ಧವಾಗಿತ್ತು. ಅರ್ಜಿ ನಮೂನೆ ಇತ್ತು, ನಿಯಮ ಇತ್ತು, ಕಚೇರಿ ಇತ್ತು. ಅಮೆರಿಕ ಅವೆಲ್ಲವನ್ನೂ ಕೆಲವೇ ವಾರಗಳಲ್ಲಿ ಹೊಸದಾಗಿ ಕಟ್ಟಬೇಕಾಯಿತು.

ನೇರ ನಗದು

ನೇರ ನಗದಿನ ಬಗ್ಗೆ ಎರಡು ತುದಿಯ ಮಾತು ಕೇಳುತ್ತೇವೆ: ಜನ ಪೋಲು ಮಾಡುತ್ತಾರೆ ಎಂಬುದೊಂದು, ಕೂಡಿಟ್ಟುಬಿಡುತ್ತಾರೆ ಎಂಬುದು ಇನ್ನೊಂದು. ಇತಿಹಾಸದಲ್ಲಿ ಇದಕ್ಕೊಂದು ಸೊಗಸಾದ ಪರೀಕ್ಷೆ ನಡೆದಿದೆ. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಅಮೆರಿಕನ್ ಯೋಧರಿಗೆ 1945ರಲ್ಲಿ ಕೊಡಬೇಕಿದ್ದ ಬೋನಸ್ಸನ್ನು 1936ರಲ್ಲೇ ಕೊಡಲು ಸಂಸತ್ತು ತೀರ್ಮಾನಿಸಿತು. ಅಧ್ಯಕ್ಷ ರೂಸ್‌ವೆಲ್ಟ್ ಒಪ್ಪಲಿಲ್ಲ. ಅವರ ವೀಟೋವನ್ನು ಮೀರಿ ಮಸೂದೆ ಕಾನೂನಾಯಿತು. ಜೂನ್‌ನಲ್ಲಿ 32 ಲಕ್ಷ ಮಾಜಿ ಯೋಧರಿಗೆ ಸರಾಸರಿ 550 ಡಾಲರ್ ಬಂತು, 50 ಡಾಲರ್ ಮುಖಬೆಲೆಯ ಬಾಂಡ್‌ಗಳ ರೂಪದಲ್ಲಿ. ಬೇಕಾದವರು ಕೂಡಲೇ ನಗದು ಮಾಡಿಕೊಳ್ಳಬಹುದಿತ್ತು, ಇಟ್ಟುಕೊಂಡವರಿಗೆ ಬಡ್ಡಿ ಸಿಗುತ್ತಿತ್ತು. ಕೂಡಿಡಲು ಇಷ್ಟು ಸುಲಭದ ದಾರಿ ಇದ್ದೂ ಹೆಚ್ಚಿನವರು ಖರ್ಚು ಮಾಡಿದರು. ಜೋಶುವಾ ಹಾಸ್‌ಮನ್ ಅವರ ಅಧ್ಯಯನದ ಪ್ರಕಾರ ಪ್ರತಿ ಡಾಲರ್‌ನಲ್ಲಿ 60ರಿಂದ 75 ಸೆಂಟ್ ಬೇಗನೆ ಖರ್ಚಾಯಿತು, ಅದರಲ್ಲೂ ಕಾರು ಮತ್ತು ಮನೆಗೆ. ವರ್ಷಗಟ್ಟಲೆ ಮುಂದೂಡಿದ್ದ ಆಸೆ, ಅಗತ್ಯಗಳಿಗೆ ಆ ಹಣ ದಾರಿ ಮಾಡಿತು. ಉತ್ತೇಜನದ ಉದ್ದೇಶವೇ ಇಲ್ಲದೆ ಹಂಚಿದ ಈ ಹಣ ದೇಶದ ಉತ್ಪನ್ನದ ಶೇ 2ರಷ್ಟಿತ್ತು.

ಹಣ ತಲುಪುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. 2008ರಲ್ಲಿ ಅಮೆರಿಕದ ಕುಟುಂಬಗಳಿಗೆ ಒಂದೇ ಗಂಟಾಗಿ ಹಣ ಹೋಯಿತು. 2009ರಲ್ಲಿ ಸಂಬಳದಿಂದ ಕಡಿತವಾಗುವ ತೆರಿಗೆಯನ್ನೇ ಸ್ವಲ್ಪ ಸ್ವಲ್ಪ ಇಳಿಸಿದರು. ಸಣ್ಣ ಮೊತ್ತವಾದರೆ ಜನ ಗಮನಿಸದೆ ಖರ್ಚು ಮಾಡುತ್ತಾರೆ ಎಂಬುದು ಆಗಿನ ಎಣಿಕೆ. ಮಿಶಿಗನ್ ವಿಶ್ವವಿದ್ಯಾಲಯದ ಸಮೀಕ್ಷೆಯಲ್ಲಿ, ಹೆಚ್ಚಿನ ಪಾಲನ್ನು ಖರ್ಚು ಮಾಡಿದ್ದೇವೆ ಎಂದವರು 2008ರ ಹಣಕ್ಕೆ ಶೇ 25, 2009ರ ತೆರಿಗೆ ಇಳಿಕೆಗೆ ಬರೀ ಶೇ 13. ಎಣಿಕೆ ತಲೆಕೆಳಗಾಗಿತ್ತು.

ಕೆನ್ಯಾದ ಸಿಯಾಯ ಪ್ರಾಂತ್ಯದಲ್ಲಿ ನಡೆದ ಪ್ರಯೋಗ ಇನ್ನೂ ದೊಡ್ಡ ಮಾತು ಹೇಳುತ್ತದೆ. 653 ಹಳ್ಳಿಗಳ ವ್ಯಾಪ್ತಿಯಲ್ಲಿ 10,500ಕ್ಕೂ ಹೆಚ್ಚು ಬಡ ಕುಟುಂಬಗಳಿಗೆ ಸುಮಾರು 1,000 ಡಾಲರ್‌ನಂತೆ ಕೊಟ್ಟರು. ಯಾವ ಹಳ್ಳಿಗೆ ಕೊಡಬೇಕೆಂದು ಚೀಟಿ ಎತ್ತಿದ ರೀತಿಯಲ್ಲಿ ಆರಿಸಿದ್ದರಿಂದ ಹೋಲಿಕೆ ಗಟ್ಟಿಯಾಗಿತ್ತು. ಹಣ ಸಿಗದವರ ಮನೆಯ ಖರ್ಚೂ ಹೆಚ್ಚಿತು, ಸ್ಥಳೀಯ ವ್ಯಾಪಾರದ ಆದಾಯವೂ ಹೆಚ್ಚಿತು. ಗುಣಕ ಸುಮಾರು 2.5. ಬೆಲೆಯೇರಿಕೆ ಸರಾಸರಿ ಶೇ 0.1ರಷ್ಟು. ಕೈಕಟ್ಟಿ ಕುಳಿತ ದುಡಿಮೆ ಎಷ್ಟಿತ್ತು ಎಂಬುದನ್ನು ಈ ಎರಡು ಸಂಖ್ಯೆಗಳೇ ತೋರಿಸುತ್ತವೆ.

ಹಾಗೆಂದು ನಗದು ಸರ್ವರೋಗಕ್ಕೂ ಮದ್ದಲ್ಲ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ವಯಸ್ಕರಿಗೆ ತಲಾ 1,200 ಡಾಲರ್ ಹೋದಾಗ ಅಂಗಡಿ, ಹೋಟೆಲುಗಳೇ ಮುಚ್ಚಿದ್ದವು. ಆ ತಿಂಗಳು ಕುಟುಂಬಗಳ ಉಳಿತಾಯ ಆದಾಯದ ಶೇ 30 ದಾಟಿತು. ಅದು ಬಾಡಿಗೆ, ಔಷಧಿ, ಊಟದ ಭದ್ರತೆಯಾಗಿ ಬೇಕಾದ ಹಣವೇ. ಉತ್ತೇಜನವಾಗಿ ಮಾತ್ರ ಆಗ ಅದು ಕೆಲಸ ಮಾಡಲಿಲ್ಲ. ಕೂಡಿಟ್ಟದ್ದು ಮುಂದೆ ಒಟ್ಟಿಗೇ ಹೊರಬಂತು. ಅದರ ಮೇಲೆ 2021ರ ಮಾರ್ಚ್‌ನಲ್ಲಿ ಇನ್ನೂ 1.9 ಲಕ್ಷ ಕೋಟಿ ಡಾಲರ್ ಸೇರಿತು. ಅದರಲ್ಲಿ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೆ 35,000 ಕೋಟಿ ಇತ್ತು, ಹೆಚ್ಚಿನ ರಾಜ್ಯಗಳ ಆದಾಯ ಅಷ್ಟರಲ್ಲಿ ಚೇತರಿಸಿಕೊಂಡಿದ್ದರೂ. 2022ರ ಜೂನ್‌ನಲ್ಲಿ ಹಣದುಬ್ಬರ ಶೇ 9.1 ಮುಟ್ಟಿದ್ದಕ್ಕೆ ಪೂರೈಕೆಯ ಅಡ್ಡಿ, ಯುಕ್ರೇನ್ ಯುದ್ಧ, ತೈಲ ಬೆಲೆ ಎಲ್ಲವೂ ಕಾರಣ. ಈ ಪ್ಯಾಕೇಜಿನ ಪಾಲೂ ಇದೆ. ನಾನು ಮೇಲೆ ಹೊಗಳಿದ ಖರ್ಚೇ ಹೊತ್ತು ಮೀರಿ ಬಂದರೆ ಹೀಗಾಗುತ್ತದೆ.

ರಸ್ತೆ, ಸೇತುವೆ

ಮೂಲಸೌಕರ್ಯದ ಗುಣಕ ಕಾಗದದ ಮೇಲೆ ದೊಡ್ಡದು. ಕೂಲಿ, ಸಿಮೆಂಟ್, ಉಕ್ಕು ಬಹುಪಾಲು ದೇಶದೊಳಗಿನದು. ಕಟ್ಟಿ ಮುಗಿದ ಮೇಲೂ ದಶಕಗಟ್ಟಲೆ ಉಪಯೋಗ. ತೊಡಕಿರುವುದು ವೇಗದಲ್ಲಿ. ನಕ್ಷೆ, ಭೂಸ್ವಾಧೀನ, ಪರಿಸರ ಅನುಮತಿ, ಟೆಂಡರ್, ತಕರಾರು ಎಲ್ಲ ಮುಗಿದು ಯಂತ್ರ ನೆಲಕ್ಕಿಳಿಯುವ ಹೊತ್ತಿಗೆ ಹಿಂಜರಿತವೇ ಮುಗಿದಿರುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. 2009ರಲ್ಲಿ ಅಮೆರಿಕ ಹೆದ್ದಾರಿಗಳಿಗೆ 2,750 ಕೋಟಿ ಡಾಲರ್ ಇಟ್ಟಾಗ ಬೇಗ ಶುರುವಾದದ್ದು ಹೆಚ್ಚಾಗಿ ಹಳೆಯ ರಸ್ತೆಗೆ ಹೊಸ ಡಾಂಬರು ಹಾಕುವ ಕೆಲಸ, ಏಕೆಂದರೆ ಅದಕ್ಕೆ ಹೊಸ ವಿನ್ಯಾಸ ಬೇಕಿಲ್ಲ. ಕೂಡಲೇ ಗುದ್ದಲಿ ಹಾಕಬಹುದಾದ ಕಾಮಗಾರಿಗಳು ಎಂಬುದೇ ಇರಲಿಲ್ಲವೆಂದು ಒಬಾಮಾ 2010ರಲ್ಲಿ ತಾವೇ ಒಪ್ಪಿಕೊಂಡರು.

ಜಪಾನ್ 1990ರ ದಶಕದುದ್ದಕ್ಕೂ ಪ್ಯಾಕೇಜಿನ ಮೇಲೆ ಪ್ಯಾಕೇಜ್ ಕೊಟ್ಟು, ಜನ ಕಡಿಮೆಯಾಗುತ್ತಿದ್ದ ಗ್ರಾಮಾಂತರದಲ್ಲಿ ರಸ್ತೆ, ಸೇತುವೆ ಕಟ್ಟಿತು, ನದಿ ದಂಡೆಗಳಿಗೆ ಕಾಂಕ್ರೀಟ್ ಹಾಕಿತು. ಕುಸಿತ ಆಳಕ್ಕೆ ಹೋಗದಂತೆ ಅದು ತಡೆದಿರಬಹುದು. ಆದರೆ ಓಡಾಡುವವರೇ ಕಡಿಮೆ ಇರುವಲ್ಲಿ ರಸ್ತೆಗೆ ಮುಂದಿನ ಪ್ರಯೋಜನ ಕಡಿಮೆ, ಸಾಲ ಮಾತ್ರ ಉಳಿಯುತ್ತದೆ. 1997ರಲ್ಲಿ ಮಾರಾಟ ತೆರಿಗೆಯನ್ನು ಶೇ 3ರಿಂದ 5ಕ್ಕೆ ಏರಿಸಿ ಚೇತರಿಕೆಗೆ ತಾವೇ ಪೆಟ್ಟು ಕೊಟ್ಟದ್ದೂ ಸೇರಿತು. ಇದಕ್ಕೆ ಎದುರಾಗಿ ನಿಲ್ಲುವುದು 1933ರಲ್ಲಿ ಅಮೆರಿಕ ಆರಂಭಿಸಿದ ನಾಗರಿಕ ಸಂರಕ್ಷಣಾ ದಳ. ಗಿಡ ನೆಡುವುದು, ಮಣ್ಣಿನ ಸವಕಳಿ ತಡೆಯುವುದು ಇಂಥ ಕೆಲಸಕ್ಕೆ ದೊಡ್ಡ ಯಂತ್ರವಾಗಲಿ ಗುತ್ತಿಗೆದಾರನಾಗಲಿ ಬೇಕಿರಲಿಲ್ಲ. ಆದ್ದರಿಂದ ಕೆಲವೇ ತಿಂಗಳಲ್ಲಿ ಲಕ್ಷಾಂತರ ಯುವಕರು ಕೆಲಸಕ್ಕೆ ಸೇರಿದರು. 1942ರವರೆಗೆ ಸುಮಾರು 30 ಲಕ್ಷ ಜನ ಅದರಲ್ಲಿ ದುಡಿದರು, ಸಂಬಳದ ಹೆಚ್ಚಿನ ಭಾಗ ನೇರವಾಗಿ ಅವರ ಮನೆಗಳಿಗೆ ಹೋಗುತ್ತಿತ್ತು.

ಹಳೆ ಕಾರು ಕೊಟ್ಟು ಹೊಸದು ಕೊಂಡವರಿಗೆ ಅಮೆರಿಕ 2009ರಲ್ಲಿ ಕೊಟ್ಟ ಸಹಾಯಧನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 300 ಕೋಟಿ ಡಾಲರ್‌ನ ಯೋಜನೆ ಎರಡು ತಿಂಗಳು ಮಾರಾಟ ಏರಿಸಿತು. ನಂತರದ ತಿಂಗಳುಗಳಲ್ಲಿ ಆಗಬೇಕಿದ್ದ ಮಾರಾಟವೇ ಮೊದಲು ಆಗಿತ್ತು ಎಂದು ಆಮೇಲೆ ತಿಳಿಯಿತು.

ಮೊದಲೇ ಬರೆದಿಟ್ಟ ನಿಯಮ

ಕೋವಿಡ್ ನಂತರ ಬಹುತೇಕ ಶ್ರೀಮಂತ ದೇಶಗಳ ಸಾಲ ಏರಿದೆ, ಬಡ್ಡಿಯೂ ಹಿಂದಿನ ದಶಕದಷ್ಟು ಅಗ್ಗವಿಲ್ಲ. ಮುಂದಿನ ಹಿಂಜರಿತದಲ್ಲಿ ಎಲ್ಲರಿಗೂ ಎಲ್ಲವನ್ನೂ ಹಂಚಿ ನೋಡುವ ಸ್ವಾತಂತ್ರ್ಯ ಕಡಿಮೆ. ಆದ್ದರಿಂದ ಯಾವ ಖರ್ಚು ಮೊದಲು ಎಂಬುದನ್ನು ಈಗಲೇ ತೀರ್ಮಾನಿಸಬೇಕು. ನನ್ನ ಅನುಕ್ರಮ ಇದು: ಕೆಲಸ ಹೋದವರ ಭತ್ಯೆ ಮತ್ತು ಕಡುಬಡವರ ನೆರವು ಮೊದಲ ವಾರದಿಂದಲೇ, ರಾಜ್ಯ ಹಾಗೂ ಸ್ಥಳೀಯ ಸರ್ಕಾರಗಳಿಗೆ ಅವುಗಳ ಬಜೆಟ್ ಬರೆಯುವ ಮೊದಲೇ ಭರವಸೆ, ಕುಸಿತ ಒಂದು ವರ್ಷ ಮೀರುವ ಲಕ್ಷಣ ಕಂಡರೆ ದುರಸ್ತಿ ಮತ್ತು ನಿರ್ವಹಣೆಯ ಕಾಮಗಾರಿ. ದೊಡ್ಡ ಮೂಲಸೌಕರ್ಯವನ್ನು ಉತ್ತೇಜನದ ಹೆಸರಿನಲ್ಲಿ ಮಾಡಬಾರದು. ಬೇಕಿದ್ದರೆ ಬೇಕೆಂಬ ಕಾರಣಕ್ಕೇ, ಯಾವ ವರ್ಷವಾದರೂ ಮಾಡಬೇಕು. ಕಂಪನಿ ತೆರಿಗೆ ಕಡಿತಕ್ಕೆ ಈ ಪಟ್ಟಿಯಲ್ಲಿ ಜಾಗವಿಲ್ಲ.

ಇದನ್ನು ಸಂಸತ್ತಿನ ಹಗ್ಗಜಗ್ಗಾಟಕ್ಕೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2020ರ ಜುಲೈ ಸಾಕು. ವಾರಕ್ಕೆ 600 ಡಾಲರ್‌ನ ಹೆಚ್ಚುವರಿ ನಿರುದ್ಯೋಗ ಭತ್ಯೆ ಆ ತಿಂಗಳ ಕೊನೆಗೆ ನಿಂತಿತು. ಆಗ ನಿರುದ್ಯೋಗ ಶೇ 10ರ ಆಸುಪಾಸಿನಲ್ಲಿತ್ತು. ಸಂಸತ್ತು ಮುಂದಿನ ನೆರವನ್ನು ಒಪ್ಪಿದ್ದು ಡಿಸೆಂಬರ್ ಕೊನೆಗೆ. ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಸಾಮ್ 2019ರಲ್ಲೇ ಇದಕ್ಕೊಂದು ದಾರಿ ಸೂಚಿಸಿದ್ದರು: ಮೂರು ತಿಂಗಳ ಸರಾಸರಿ ನಿರುದ್ಯೋಗ ದರ ಹಿಂದಿನ 12 ತಿಂಗಳ ಕನಿಷ್ಠ ಮಟ್ಟಕ್ಕಿಂತ ಅರ್ಧ ಶೇಕಡಾ ಅಂಶ ಏರಿದ ಕೂಡಲೇ, ಯಾರ ಮತವನ್ನೂ ಕಾಯದೆ ಜನರಿಗೆ ಹಣ ಹೊರಡಬೇಕು.

2024ರ ಜುಲೈನ ಅಂಕಿಅಂಶಗಳು ಅಮೆರಿಕದಲ್ಲಿ ಈ ಗೆರೆ ದಾಟಿದವು, ಹಿಂಜರಿತ ಮಾತ್ರ ಬರಲಿಲ್ಲ. ಹಾಗಾಗಿ ಒಂದೇ ಗೆರೆಯ ಮೇಲೆ ಪೂರ್ಣ ಮೊತ್ತ ಹೊರಡುವ ವ್ಯವಸ್ಥೆ ಬೇಡ. ಮೊದಲ ಗೆರೆ ದಾಟಿದಾಗ ನಿರುದ್ಯೋಗ ಭತ್ಯೆಯ ಅವಧಿಯಷ್ಟೇ ತಾನಾಗಿ ವಿಸ್ತರಿಸಲಿ. ಅಲ್ಲಿ ನಿಜವಾಗಿ ಕೆಲಸ ಹೋದವರಿಗೆ ಮಾತ್ರ ಹಣ ಹೋಗುವುದರಿಂದ ಸುಳ್ಳು ಎಚ್ಚರಿಕೆಗೆ ತೆರುವ ಬೆಲೆ ತೀರಾ ಕಡಿಮೆ. ದರ ಇನ್ನೂ ಏರಿದರೆ ರಾಜ್ಯಗಳ ನೆರವು, ಆಮೇಲೂ ಏರಿದರೆ ಎಲ್ಲರಿಗೂ ನಗದು. ದರ ಇಳಿಯತೊಡಗಿದಾಗ ಇದೇ ಮೆಟ್ಟಿಲುಗಳಲ್ಲಿ ಹಿಂದಕ್ಕೆ ಬರಬೇಕೆಂಬುದೂ ಅದೇ ಕಾನೂನಿನಲ್ಲಿ ಇರಬೇಕು. 2021ರಲ್ಲಿ ಕೊರತೆಯಿದ್ದದ್ದು ಆ ಎರಡನೇ ಅರ್ಧಕ್ಕೆ.